‘ವಿಘಟನೆ’ ಎಂಬ ಪದವೂ ನ್ಯಾನೋಕಣಗಳ ಉಷ್ಣಪರೀಕ್ಷೆಯೂ

ಶರೀರದೊಳಕ್ಕೆ ಔಷಧವನ್ನು ಕೊಂಡೊಯ್ದು, ಕಾರ್ಯ ಮುಗಿದ ಮೇಲೆ ತಾವೇ ಕರಗಿಹೋಗತಕ್ಕ ಪಾಲಿಮರ್ ನ್ಯಾನೋಕಣಗಳನ್ನು ಕುರಿತ ಪ್ರಬಂಧಗಳು ಈಚೆಗೆ ವಿಪುಲವಾಗಿ ಪ್ರಕಟವಾಗುತ್ತಿವೆ. ಅವುಗಳಲ್ಲಿ ಕೆಲವು ಉಷ್ಣತೂಕದ ರೇಖೆಯೊಂದನ್ನು ಮುದ್ರಿಸಿ, ಕಣವು ೨೫೦ ಶತಾಂಶದವರೆಗೂ ಸ್ಥಿರವಾಗಿರುವುದೆಂದೂ ಆದುದರಿಂದ ವೈದ್ಯಕ್ಕೆ ಯೋಗ್ಯವೆಂದೂ ನಿರ್ಣಯಿಸುವುದುಂಟು. ಈ ‘ಆದುದರಿಂದ’ ಎಂಬುದಕ್ಕೆ ಆಧಾರವೆಷ್ಟೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಪರೀಕ್ಷೆಯ ಕ್ರಮವಿದು: ಕೆಲವು ಮಿಲಿಗ್ರಾಂ ಒಣಪುಡಿಯನ್ನು ಸಾಮಾನ್ಯವಾಗಿ ನೈಟ್ರೋಜನ್ ಪ್ರವಾಹದಲ್ಲಿಟ್ಟು, ನಿಮಿಷಕ್ಕೆ ೧೦ ಶತಾಂಶದಂತೆ ಕಾಯಿಸುತ್ತ ತೂಕವನ್ನು ಗುರುತಿಸುವುದು. ತಕ್ಕಡಿಯು ಬಲ್ಲುದು ಆವಿಯಾಗಿ ಹೋದುದನ್ನು ಮಾತ್ರವೇ. ಅಣುಸರಪಣಿಯು ನಡುವೆ ತುಂಡಾಗಿ ಎರಡು ತುಂಡುಗಳೂ ಪಾತ್ರೆಯಲ್ಲಿಯೇ ಉಳಿದರೆ ಅದು ತಕ್ಕಡಿಗೆ ತಿಳಿಯದು. ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲಗಳಿಂದಾದ ಪಿಎಲ್‌ಜಿಎ ಎಂಬ ಪಾಲಿಮರನ್ನೇ ನೋಡಬಹುದು. ಒಣಗಿದ್ದಾಗ ಇದು ಸುಮಾರು ೪೦ರಿಂದ ೬೦ ಶತಾಂಶದೊಳಗೆ ಗಾಜಿನಂತಹ ಗಡಸುತನವನ್ನು ಬಿಟ್ಟು ಮೆತ್ತಗಾಗುತ್ತದೆ. ತೇವ ತಗುಲಿದರೆ ಇನ್ನೂ ಕೆಳಗೆ. ಆಗ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುವು. ನೀರು ಎಸ್ಟರ್ ಬಂಧಗಳನ್ನು ಕತ್ತರಿಸುವುದು. ಹಾಗೆ ಹುಟ್ಟಿದ ಆಮ್ಲವು ಆ ಕಾರ್ಯವನ್ನೇ ತ್ವರೆಗೊಳಿಸುವುದು. ಒಣಪರೀಕ್ಷೆಯಲ್ಲಿ ೨೫೦ ಶತಾಂಶವನ್ನು ಸಹಿಸಿದ ಪದಾರ್ಥವು ಕ್ರಿಮಿಶುದ್ಧಿಗಾಗಿ ಬಳಸುವ ೧೨೧ ಶತಾಂಶದ ಹಬೆಯಲ್ಲಿ ಕೆಡುವುದು ಈ ಕಾರಣದಿಂದಲೇ.

ಈ ಗೊಂದಲಕ್ಕೆ ಭಾಷೆಯೂ ಭಾಗಿಯಾಗಿದೆ. ಬೆಂಕಿಯಿಂದ ಆಗುವುದನ್ನೂ ಶರೀರದ ನೀರಿನಿಂದ ಆಗುವುದನ್ನೂ ನಾವು ‘ವಿಘಟನೆ’ಯೆಂದೇ ಕರೆಯುತ್ತೇವೆ. ೧೯೮೯ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ ಲೂಪ್ರಾನ್ ಡಿಪೋದ ಪಿಎಲ್‌ಜಿಎ ಸೂಕ್ಷ್ಮಗೋಳಗಳು ನ್ಯಾನೋಕಣಗಳಿಗಿಂತ ದೊಡ್ಡವು. ಆದರೂ ಅವು ತಿಂಗಳ ಪರ್ಯಂತ ಔಷಧವನ್ನು ಬಿಡುವುದು ಜಲದ ಕ್ರಿಯೆಯಿಂದಲೇ ಹೊರತು ಉಷ್ಣದ ವಿಘಟನೆಯಿಂದಲ್ಲ. ಆದಕಾರಣ ಮೊದಲನೆಯದನ್ನು ‘ಉಷ್ಣವಿಘಟನೆ’ಯೆಂದೂ ಎರಡನೆಯದನ್ನು ‘ಜಲವಿಚ್ಛೇದನ’ವೆಂದೂ ಬೇರ್ಪಡಿಸಿ ಬರೆಯುವುದು ಲೇಸು.

ಇದು ಕೇವಲ ಪದಚರ್ಚೆಯಲ್ಲ. ೧೯೬೩ರಲ್ಲಿ ಸ್ಥಾಪಿತವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ ೨೦೦೪ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವೂ ಇರುವ ತುಮಕೂರಿನಂತಹ ನಗರದಲ್ಲಿ ಇಂತಹ ಔಷಧವೊಂದು ಸಿದ್ಧವಾಯಿತೆಂದು ಭಾವಿಸೋಣ. ಅದು ಗುಬ್ಬಿಯ ಅಥವಾ ಕುಣಿಗಲಿನ ರೋಗಿಯನ್ನು ಮುಟ್ಟಬೇಕಾದರೆ ಬೇಸಗೆಯ ರಸ್ತೆಯಲ್ಲಿ ಸಾಗಿ, ಔಷಧದಂಗಡಿಯ ಕಪಾಟಿನಲ್ಲಿ ದಿನ ಕಳೆಯಬೇಕು. ಅಲ್ಲಿ ಹಗಲಿನ ಬಿಸಿಯು ೩೫ ಶತಾಂಶವನ್ನು ದಾಟುವುದು ಅಪರೂಪವಲ್ಲ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ವಾಹನದೊಳಗೆ ಅದಕ್ಕಿಂತ ಬಹಳ ಹೆಚ್ಚು. ಅಂಟಿಕೊಂಡ ಕಣವನ್ನು ರಕ್ತನಾಳಕ್ಕೆ ಚುಚ್ಚಿದರೆ ಅಪಾಯವು ರೋಗಿಗೇ ಹೊರತು ಪ್ರಬಂಧಕಾರನಿಗಲ್ಲ.

ಉಷ್ಣತೂಕದ ಪರೀಕ್ಷೆ ನಿರರ್ಥಕವೆಂದು ನಮ್ಮ ಅಭಿಪ್ರಾಯವಲ್ಲ. ಉಳಿದಿರುವ ದ್ರಾವಕವೆಷ್ಟು, ತೇವವೆಷ್ಟು, ಕರಗಿಸಿ ಎರಕ ಹೊಯ್ಯುವಾಗ ಎಷ್ಟು ಬಿಸಿಯನ್ನು ಮೀರಬಾರದು ಎಂಬ ಪ್ರಶ್ನೆಗಳಿಗೆ ಅದು ನೆರವಾಗುವುದು. ಕೇಳದ ಪ್ರಶ್ನೆಗೆ ಅದರಿಂದ ಉತ್ತರ ಪಡೆಯುವುದೇ ದೋಷ. ಆ ರೇಖೆಯೊಡನೆ ಒಣಗಿದ ಮತ್ತು ತೊಯ್ದ ಸ್ಥಿತಿಗಳೆರಡರಲ್ಲಿಯೂ ಮೆತ್ತಗಾಗುವ ಉಷ್ಣಮಾನವನ್ನು ಕೊಡಬೇಕು. ೪೦ ಶತಾಂಶ ಮತ್ತು ೭೫ ಶೇಕಡ ಆರ್ದ್ರತೆಯಲ್ಲಿ ೬ ತಿಂಗಳು ಇಟ್ಟು ನೋಡುವುದು ಔಷಧಶಾಸ್ತ್ರದಲ್ಲಿ ರೂಢವಾದ ತ್ವರಿತಪರೀಕ್ಷೆ. ಅದರ ಕೊನೆಯಲ್ಲಿ ಕಣಗಳ ಗಾತ್ರವನ್ನೂ ಅಣುತೂಕವನ್ನೂ ಅಳೆದು ಹೇಳಬೇಕು. ಇವಿಲ್ಲದ ಪ್ರಬಂಧವು ಪಾಲಿಮರ್ ಎಂದು ಸುಡುವುದೆಂಬುದನ್ನು ತಿಳಿಸೀತು. ಔಷಧವು ಎಂದು ಕೆಡುವುದೆಂಬುದನ್ನು ತಿಳಿಸಲಾರದು.