ಗೋಬರ್ ಗ್ಯಾಸ್ ಮತ್ತು ಮೀಥೇನ್: ಒಂದು ಮೌಲ್ಯಮಾಪನ

ಗೋಬರ್ ಗ್ಯಾಸನ್ನು ಭೂಮಿಯ ತಾಪಕ್ಕೆ ಮದ್ದೆಂದು ಮುಂದಿಡುವ ವಾದವು ಮೀಥೇನಿನ ಗುಣವನ್ನು ಸರಿಯಾಗಿ ಗುರುತಿಸಿದೆ. ಜಾನುವಾರುಗಳಲ್ಲಿ ಅದು ಮುಖ್ಯವಾಗಿ ಹುಟ್ಟುವ ಜಾಗವನ್ನು ಮಾತ್ರ ಕಡೆಗಣಿಸಿದೆ. ಈ ಅನಿಲ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷವಾದರೂ, 20 ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟಿಗೂ ಹೆಚ್ಚು ತಾಪವನ್ನುಂಟುಮಾಡುವುದರಿಂದ, ಅದನ್ನು ತಗ್ಗಿಸಿದರೆ ಫಲ ಈಗಿನ ತಲೆಮಾರಿಗೇ ಸಿಗುತ್ತದೆ. ಆದರೆ ಭಾರತದ ದನಕರುಗಳಿಂದ ಹೊರಡುವ ಮೀಥೇನಿನ ಬಹುಪಾಲು ಸಗಣಿಯದಲ್ಲ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಸೂಕ್ಷ್ಮಜೀವಿಗಳು ಮೇವನ್ನು ಹುಳಿಸುವಾಗ ಹುಟ್ಟಿ ತೇಗಿನೊಡನೆ ಹೊರಬೀಳುವಂಥದ್ದು.

ಅಜ್ಜಂಪುರದ ಅಮೃತ ಮಹಲ್ ದನಗಳ ತಳಿ ಸಂವರ್ಧನ ಕೇಂದ್ರವಿರುವ, ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಇಂದಿಗೂ ಎತ್ತಿನ ಗಾಡಿ ಕಟ್ಟುವ ಸೀಮೆಯಲ್ಲಿ ಸಗಣಿಯ ಮೀಥೇನಿಗೂ ರೂಮೆನ್‌ನ ಮೀಥೇನಿಗೂ ಇರುವ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎರಡು ಘನ ಮೀಟರಿನ ಸ್ಥಾವರಕ್ಕೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಮೇಯುವ ದನದ ಸಗಣಿಯಾದರೋ ಅಲ್ಲಿಯೇ ಬಿದ್ದು ಒಣಗುತ್ತದೆ. ಗಾಳಿಯಾಡುವಲ್ಲಿ ಒಣಗುವ ಸಗಣಿಯಿಂದ ಮೀಥೇನ್ ಹುಟ್ಟುವುದು ಕಡಿಮೆ. ಅದನ್ನೇ ಸಮಪ್ರಮಾಣದ ನೀರಿನಲ್ಲಿ ಕದಡಿ, ಸ್ಥಾವರದ ಗಾಳಿಯಿಲ್ಲದ ಗುಮ್ಮಟಕ್ಕೆ ಇಳಿಸಿದರೆ ಹೇರಳವಾಗಿ ಹುಟ್ಟುತ್ತದೆ. ಅದೆಲ್ಲ ಒಲೆಯಲ್ಲಿ ಉರಿದರೆ ಲಾಭವೇ ಸರಿ. ಗುಮ್ಮಟ ಬಿರುಕುಬಿಟ್ಟರೆ, ಗ್ಯಾಸ್ ಬಳಕೆಯಾಗದೆ ಬಗ್ಗಡದ ತೊಟ್ಟಿಯಿಂದ ಗುಳ್ಳೆಯಾಗಿ ಹೊರಟರೆ, ತಗ್ಗಿಸಹೊರಟ ಅನಿಲವನ್ನು ಸ್ಥಾವರವೇ ಹೆಚ್ಚಿಸಿದಂತಾಗುತ್ತದೆ.

ಹಾಗೆಂದು ಈ ಪದ್ಧತಿಯನ್ನು ತಳ್ಳಿಹಾಕುವುದು ಅನ್ಯಾಯ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರವು ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ನಡೆಸಿದ ಪ್ರಯೋಗದಲ್ಲಿ, ಅಡುಗೆಗೆ ಸಾಲದ ಗ್ಯಾಸಿನಿಂದ ಎಂಜಿನ್ ಓಡಿಸಿ ಮನೆಗಳಿಗೆ ನೀರು, ಬೆಳಕು ಕೊಡಲಾಯಿತು. ಬಗ್ಗಡ ಗೊಬ್ಬರವಾಗಿ ರೈತರಿಗೆ ಮರಳಿತು. ಹೊಗೆಯಿಲ್ಲದ ಅಡುಗೆಮನೆ, ಉಳಿದ ಸೌದೆ, ಹೊಲಕ್ಕೆ ಸತ್ವ ಇವು ಗೋಬರ್ ಗ್ಯಾಸಿನ ನಿಜವಾದ ಹಿರಿಮೆ. ಅದನ್ನು ಸಮರ್ಥಿಸಲು ಇಷ್ಟೇ ಸಾಕು.

ರೂಮೆನ್‌ನ ಮೀಥೇನಿಗೆ ಬೇರೆ ದಾರಿ ಬೇಕು. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ರೂಪಿಸಿದ, ಟ್ಯಾನಿನ್ ಎಂಬ ಒಗರು ಪದಾರ್ಥವುಳ್ಳ ಸಸ್ಯಗಳ ‘ಹರಿತ್ ಧಾರಾ’ ಪೂರಕ ಆಹಾರವು ಈ ಅನಿಲವನ್ನು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆಂದು ಸಂಸ್ಥೆ ಹೇಳುತ್ತದೆ. ಕೊಟ್ಟಿಗೆಯ ಹಸುವಿಗೆ ಅದು ಒಪ್ಪುತ್ತದೆ, ಕಾವಲಿನ ಹಿಂಡಿಗೆ ತಿನ್ನಿಸುವುದು ಕಷ್ಟ. ಲೀಟರ್ ಹಾಲಿಗೆ ಇಷ್ಟು ಮೀಥೇನ್ ಎಂದು ಅಳೆಯುವ ರೂಢಿಯಂತೂ, ಹಾಲಿಗಲ್ಲದೆ ಗೇಯ್ಮೆಗೆಂದೇ ಬೆಳೆಸಿದ ಅಮೃತ ಮಹಲ್ ತಳಿಯನ್ನು ವಿನಾಕಾರಣ ತಪ್ಪಿತಸ್ಥ ಸ್ಥಾನದಲ್ಲಿ ನಿಲ್ಲಿಸುತ್ತದೆ. ಆದ್ದರಿಂದ ಸರ್ಕಾರದ ಯೋಜನೆಗಳು ಕಟ್ಟಿದ ಸ್ಥಾವರಗಳನ್ನು ಎಣಿಸುವುದನ್ನು ಬಿಟ್ಟು, ಉರಿಯುತ್ತಿರುವ ಒಲೆಗಳನ್ನೂ ಸೋರುವ ಗುಮ್ಮಟಗಳನ್ನೂ ಲೆಕ್ಕಕ್ಕೆ ತರಬೇಕು. ಮೀಥೇನ್ ಕಡಿತಕ್ಕೆಂದು ಮೀಸಲಿಟ್ಟ ಹಣದಲ್ಲಿ ಮೊದಲ ಪಾಲು ಮೇವಿನ ಸುಧಾರಣೆಗೆ ಸಲ್ಲಬೇಕು.