ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಗಳು: ಪದಪಟ್ಟಿಯ ಕ್ರಮದ ಒಂದು ವಿಮರ್ಶೆ

೧

ಇಂಗ್ಲಿಷನ್ನು ಹೊಸದಾಗಿ ಕಲಿಯತೊಡಗಿದ ಕನ್ನಡ ವಿದ್ಯಾರ್ಥಿಯ ಕೈಗೆ ನಾವು ಮೊತ್ತಮೊದಲು ಕೊಡುವುದು ಒಂದು ಪಟ್ಟಿಯನ್ನು. ಅದರ ಎಡಗಡೆಯಲ್ಲಿ ‘ಕಮ್’, ‘ಗೋ’, ‘ಗಿವ್’, ‘ಟೇಕ್’, ‘ಪುಟ್’, ‘ಗೆಟ್’. ಬಲಗಡೆಯಲ್ಲಿ ಬರು, ಹೋಗು, ಕೊಡು, ತೆಗೆದುಕೊ, ಇಡು, ಪಡೆ. ಪಟ್ಟಿ ಬಾಯಿಪಾಠವಾದರೆ ಅಸ್ತಿಭಾರ ಬಿದ್ದಿತೆಂದು ಭಾವಿಸಿ ಮುಂದಿನ ಪಾಠಕ್ಕೆ ಹೋಗುತ್ತೇವೆ. ಈ ಕ್ರಮದ ಹಿಂದೆ ಎರಡು ನಂಬಿಕೆಗಳಿವೆ: ನಿತ್ಯಬಳಕೆಯ ಚಿಕ್ಕ ಕ್ರಿಯಾಪದಗಳು ಸುಲಭವಾದುವು ಎಂಬುದು ಒಂದು, ಅವುಗಳಲ್ಲಿ ಒಂದೊಂದಕ್ಕೂ ಸರಿಸಮನಾದ ಕನ್ನಡ ಪದ ಒಂದೊಂದಿದೆ ಎಂಬುದು ಇನ್ನೊಂದು. ಇವೆರಡನ್ನೂ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಪರೀಕ್ಷೆಯ ಅಗತ್ಯವನ್ನು ನನಗೆ ತಿಳಿಸಿದವನು ಒಬ್ಬ ವಿದ್ಯಾರ್ಥಿ. ಹಲವು ವರ್ಷಗಳ ಹಿಂದೆ, ಕನ್ನಡ ಮಾಧ್ಯಮದಿಂದ ಆಗತಾನೆ ಕಾಲೇಜಿಗೆ ಬಂದಿದ್ದ ಆತ ತರಗತಿಯಲ್ಲಿ ಎದ್ದು ನಿಂತು, ‘ಇಂಗ್ಲಿಷ್ ಈಸ್ ನಾಟ್ ಕಮಿಂಗ್ ಟು ಮಿ, ಸರ್’ ಎಂದ. ತರಗತಿ ನಕ್ಕಿತು; ಪಾಠ ಹೇಳುತ್ತಿದ್ದ ನಾನೂ ನಕ್ಕೆನೆಂಬುದನ್ನು ಒಪ್ಪಿಕೊಳ್ಳಬೇಕು. ಆ ವರ್ಷವೆಲ್ಲ ಆತ ಮತ್ತೆ ಬಾಯಿ ತೆರೆಯಲಿಲ್ಲ. ಆತನ ಮನಸ್ಸಿನಲ್ಲಿದ್ದುದು ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂಬ ನಿರ್ದುಷ್ಟವಾದ ಕನ್ನಡ ವಾಕ್ಯ. ‘ಬರು’ ಎಂದರೆ ‘ಕಮ್’ ಎಂದು ಕಲಿಸಿದ್ದವರು ನಾವೇ. ಪಟ್ಟಿಯನ್ನು ಮರೆತವನಿಗೆ ಈ ತಪ್ಪು ಸಾಧ್ಯವಿರಲಿಲ್ಲ. ಚೆನ್ನಾಗಿ ನೆನಪಿಟ್ಟವನಿಗಷ್ಟೇ ಸಾಧ್ಯ. ಹೀಗಿರುವಾಗ ದೋಷ ಯಾರದೆಂದು ವಿಚಾರಿಸುವುದು ಅಧ್ಯಾಪಕರಾದವರ ಕರ್ತವ್ಯವಾಗುತ್ತದೆ.

೨

ಮೊದಲು ರೂಪದ ವಿಷಯ. ‘ಇಡಿ’ ಪ್ರತ್ಯಯವನ್ನು ಸೇರಿಸಿದರೆ ಭೂತಕಾಲದ ರೂಪ ಬರುತ್ತದೆಂಬ ನಿಯಮವನ್ನು ನಾವು ಬೇಗನೆ ಹೇಳಿಕೊಡುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ‘ಬೀ’, ‘ಹ್ಯಾವ್’, ‘ಡೂ’, ‘ಸೇ’, ‘ಗೆಟ್’, ‘ಮೇಕ್’, ‘ಗೋ’, ‘ನೋ’, ‘ಟೇಕ್’, ‘ಸೀ’, ‘ಕಮ್’ ಎಂಬುವುಗಳಲ್ಲಿ ಒಂದಾದರೂ ಆ ನಿಯಮಕ್ಕೆ ಒಳಪಡುವುದಿಲ್ಲ. ‘ಗೋ’ ಎಂಬುದರ ಭೂತರೂಪವಾದ ‘ವೆಂಟ್’ ಅದೇ ಧಾತುವಿನಿಂದ ಹುಟ್ಟಿದುದೂ ಅಲ್ಲ. ಅದು ಹಿಂದೆ ‘ವೆಂಡ್’ ಎಂಬ ಬೇರೊಂದು ಧಾತುವಿಗೆ ಸೇರಿತ್ತು. ನಿಯಮವನ್ನು ಕಲಿತ ಬಾಲಕನು ಮೊದಲು ಎದುರಿಸುವುದು ನಿಯಮವನ್ನು ಮುರಿಯುವ ಪದಗಳನ್ನೇ.

ಇದು ಇಂಗ್ಲಿಷಿಗೆ ಮಾತ್ರ ಅಂಟಿದ ವೈಪರೀತ್ಯವಲ್ಲ. ಕನ್ನಡದಲ್ಲಿ ನೋಡಿದ, ಮಾಡಿದ, ಓದಿದ, ಪ್ರಾರಂಭಿಸಿದ ಎಂಬ ರೂಪಗಳು ಒಂದೇ ಅಚ್ಚಿನವು. ಬರು, ತರು, ಕೊಡು, ಇಡು, ಬೀಳು, ಸಾಯು, ಹೋಗು ಎಂಬುವು ಮಾತ್ರ ಬಂದ, ತಂದ, ಕೊಟ್ಟ, ಇಟ್ಟ, ಬಿದ್ದ, ಸತ್ತ, ಹೋದ ಎಂದಾಗುತ್ತವೆ. ದಿನಕ್ಕೆ ನೂರು ಬಾರಿ ನಾಲಗೆಯ ಮೇಲೆ ಆಡುವ ಪದಗಳು ತಮ್ಮ ಹಳೆಯ ರೂಪಗಳನ್ನು ಉಳಿಸಿಕೊಳ್ಳುತ್ತವೆ. ಅಪರೂಪವಾದುವು ಕ್ರಮೇಣ ನಿಯಮಕ್ಕೆ ತಲೆಬಾಗುತ್ತವೆ. ಯಾವ ತಾಯಿಯೂ ಮಗುವಿಗೆ ‘ಬಂದ’ ಎಂಬುದನ್ನು ಸೂತ್ರದಿಂದ ಕಲಿಸಲಿಲ್ಲ. ಆದುದರಿಂದ ಇಂಗ್ಲಿಷಿನ ಈ ರೂಪಗಳನ್ನೂ ಅಪವಾದಗಳೆಂದು ಪುಸ್ತಕದ ಕೊನೆಗೆ ತಳ್ಳದೆ, ಸ್ವತಂತ್ರ ಪದಗಳಂತೆ ಮೊದಲಿನಿಂದಲೇ ವಾಕ್ಯಗಳಲ್ಲಿ ಕಿವಿಗೆ ಹಾಕಬೇಕು. ನಿಯಮ ಆಮೇಲೆ ಬಂದರೆ ಸಾಕು.

೩

ಅರ್ಥದ ವಿಷಯ ಇದಕ್ಕಿಂತ ಜಟಿಲವಾದದ್ದು. ‘ಟೇಕ್’ ಎಂಬುದಕ್ಕೆ ತೆಗೆದುಕೊ ಎಂದು ಪಟ್ಟಿ ಹೇಳುತ್ತದೆ. ‘ಟೇಕ್ ಎ ಸೀಟ್’ ಎಂದರೆ ಕುಳಿತುಕೊಳ್ಳಿ. ‘ಟೇಕ್ ಎ ಫೋಟೋ’ ಎಂದರೆ ಫೋಟೋ ತೆಗೆ. ‘ಟೇಕ್ ದಿ ಬಸ್’ ಎಂದರೆ ಬಸ್ಸಿನಲ್ಲಿ ಹೋಗು. ‘ಇಟ್ ಟೇಕ್ಸ್ ಆನ್ ಅವರ್’ ಎಂದರೆ ಒಂದು ಗಂಟೆ ಹಿಡಿಯುತ್ತದೆ. ‘ಟೇಕ್ ಹಿಮ್ ಹೋಮ್’ ಎಂದರೆ ಅವನನ್ನು ಮನೆಗೆ ಕರೆದುಕೊಂಡು ಹೋಗು. ಐದು ವಾಕ್ಯಗಳಿಗೆ ಐದು ಕನ್ನಡ ಕ್ರಿಯೆಗಳು ಬಂದುವು. ಪಟ್ಟಿಯಲ್ಲಿದ್ದ ಪದ ಒಂದು ಕಡೆಯೂ ಬರಲಿಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ೧೯೮೯ರ ಎರಡನೆಯ ಆವೃತ್ತಿಯಲ್ಲಿ ಅತ್ಯಂತ ದೀರ್ಘವಾದ ನಮೂದು ಯಾವುದೋ ಪ್ರೌಢಶಬ್ದಕ್ಕೆ ಸಂಬಂಧಿಸಿದುದಲ್ಲ. ಮೂರಕ್ಷರದ ‘ಸೆಟ್’ ಎಂಬ ಕ್ರಿಯಾಪದದ್ದು. ಚಿಕ್ಕ ಪದ ಸುಲಭವಾದ ಪದ ಎಂಬ ನಂಬಿಕೆ ಇಲ್ಲಿಗೆ ನಿಲ್ಲಲಾರದು.

ಕನ್ನಡದ ‘ಹಾಕು’ ಎಂಬುದನ್ನು ತೆಗೆದುಕೊಂಡರೂ ಇದೇ ಸ್ಥಿತಿ. ಬೀಗ ಹಾಕುತ್ತೇವೆ, ಸಹಿ ಹಾಕುತ್ತೇವೆ, ರಂಗೋಲಿ ಹಾಕುತ್ತೇವೆ, ಲೆಕ್ಕ ಹಾಕುತ್ತೇವೆ, ಹೊಲಿಗೆ ಹಾಕುತ್ತೇವೆ, ಮತ ಹಾಕುತ್ತೇವೆ, ದೀಪ ಹಾಕುತ್ತೇವೆ. ಇವುಗಳಲ್ಲೆಲ್ಲ ಅರ್ಥದ ಭಾರವನ್ನು ಹೊತ್ತಿರುವುದು ನಾಮಪದ. ಕ್ರಿಯಾಪದ ಅದಕ್ಕೆ ಕೈಗೊಟ್ಟು ನಡೆಸುತ್ತದೆ, ಅಷ್ಟೆ. ‘ಪುಟ್ ದಿ ಲೈಟ್’ ಎಂದು ನಮ್ಮ ವಿದ್ಯಾರ್ಥಿಗಳು ಹೇಳುವುದು ಈ ‘ಹಾಕು’ವಿನಿಂದ. ಆದರೆ ‘ಹಾಕು’ ಎಂಬುದರ ಅರ್ಥಗಳನ್ನು ಪಟ್ಟಿಮಾಡಿ ಕನ್ನಡ ಕಲಿತವರು ನಮ್ಮಲ್ಲಿ ಯಾರೂ ಇಲ್ಲ. ‘ಬೀಗ ಹಾಕು’ ಎಂಬುದನ್ನು ಇಡಿಯಾಗಿ ಕೇಳಿದೆವು, ಇಡಿಯಾಗಿ ಆಡಿದೆವು.

ಕ್ರಿಯಾಪದದ ಬಳಿ ಅವ್ಯಯ ಸೇರಿದಾಗ ಅರ್ಥ ಇನ್ನೂ ದೂರ ಸರಿಯುತ್ತದೆ. ‘ಗಿವ್’ ಕೊಡು, ‘ಗಿವ್ ಅಪ್’ ಬಿಟ್ಟುಬಿಡು, ‘ಗಿವ್ ಇನ್’ ಮಣಿ. ವಿದ್ಯಾರ್ಥಿಗೆ ಇದು ಅನ್ಯಾಯವೆಂದು ತೋರುತ್ತದೆ. ಆದರೆ ಸಂಸ್ಕೃತದ ‘ಹೃ’ ಎಂಬ ಒಂದೇ ಧಾತುವಿನಿಂದ, ಉಪಸರ್ಗಗಳ ಬಲದಿಂದ, ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ ಎಂಬ ಪದಗಳಾದುವೆಂಬುದನ್ನು ನಮ್ಮ ವೈಯಾಕರಣರು ಬಹುಕಾಲದಿಂದ ತೋರಿಸುತ್ತ ಬಂದಿದ್ದಾರೆ. ಆಹಾರಕ್ಕೂ ಸಂಹಾರಕ್ಕೂ ಇರುವ ದೂರವನ್ನು ಸಹಿಸಿದ ವಿದ್ಯಾರ್ಥಿ ‘ಗಿವ್’ಗೂ ‘ಗಿವ್ ಅಪ್’ಗೂ ಇರುವ ದೂರವನ್ನು ಸಹಿಸಬಲ್ಲ, ತೋರಿಸಿಕೊಡುವವರು ಬೇಕು. ಒಂದು ವ್ಯತ್ಯಾಸವನ್ನು ಮಾತ್ರ ಹೇಳಬೇಕು: ಉಪಸರ್ಗ ಧಾತುವಿನ ಮುಂದೆ ಬಂದು ಅದರೊಡನೆ ಬೆಸೆದುಕೊಳ್ಳುತ್ತದೆ, ಇಂಗ್ಲಿಷಿನ ಅವ್ಯಯ ಹಿಂದೆ ಬಿಡಿಯಾಗಿ ನಿಲ್ಲುತ್ತದೆ, ‘ಪುಟ್ ಇಟ್ ಆನ್’ ಎಂಬಲ್ಲಿರುವಂತೆ ನಡುವೆ ಕರ್ಮಪದಕ್ಕೂ ಎಡೆಕೊಡುತ್ತದೆ.

೪

ಸಾಮಾನ್ಯ ಕ್ರಿಯಾಪದಗಳ ಮಹತ್ವವನ್ನು ಮನಗಂಡು ಒಂದು ವ್ಯವಸ್ಥೆಯನ್ನೇ ಕಟ್ಟಿದವರು ಸಿ. ಕೆ. ಆಗ್ಡನ್. ೧೯೩೦ರಲ್ಲಿ ಅವರು ಪ್ರಕಟಿಸಿದ ‘ಬೇಸಿಕ್ ಇಂಗ್ಲಿಷ್’ ಯೋಜನೆಯಲ್ಲಿ ಇರುವುದು ೮೫೦ ಪದಗಳು. ಅವುಗಳಲ್ಲಿ ಕ್ರಿಯಾಪದಗಳು ‘ಮೇ’, ‘ವಿಲ್’ ಎಂಬ ಸಹಾಯಕಗಳೆರಡೂ ಸೇರಿ ೧೮ ಮಾತ್ರ. ‘ಎಂಟರ್’ ಎಂಬುದರ ಬದಲು ‘ಗೋ ಇನ್’, ‘ಅಸೆಂಡ್’ ಎಂಬುದರ ಬದಲು ‘ಗೋ ಅಪ್’ ಎಂದರೆ ಸಾಕೆಂಬುದು ಅದರ ತತ್ತ್ವ. ೧೯೪೩ರಲ್ಲಿ ಹಾರ್ವರ್ಡಿನಲ್ಲಿ ಮಾಡಿದ ಭಾಷಣದಲ್ಲಿ ಚರ್ಚಿಲ್ಲರು ಇದನ್ನು ಹೊಗಳಿದ್ದರು.

ಇದರ ಗುಣವನ್ನು ಅಲ್ಲಗಳೆಯಲಾಗದು. ‘ಪುಟ್’, ‘ಟೇಕ್’, ‘ಗಿವ್’, ‘ಗೋ’, ‘ಕಮ್’ ಎಂಬುವು ಮೂಲತಃ ಕೈಕಾಲುಗಳ ಚಲನೆಯನ್ನು ಹೇಳುವಂಥವು. ಇನ್, ಔಟ್, ಅಪ್, ಡೌನ್ ಎಂಬುವು ದಿಕ್ಕನ್ನು ತೋರುವಂಥವು. ಇವೆರಡರ ಕೂಟವನ್ನು ಮೇಜಿನ ಮೇಲೊಂದು ಪುಸ್ತಕವಿಟ್ಟುಕೊಂಡು ಅಭಿನಯಿಸಿ ತೋರಿಸಬಹುದು. ಪ್ರಾರಂಭದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗದು.

ಆದರೆ ಯೋಜನೆಯ ಎಣಿಕೆಯಲ್ಲಿ ಒಂದು ಲೋಪವಿದೆ. ಪದಗಳನ್ನು ಎಣಿಸಿದರು, ಪದಗಳ ಕೂಟಗಳನ್ನು ಎಣಿಸಲಿಲ್ಲ. ಕಣ್ಣಿಗೆ ಕಾಣುವ ದಿಕ್ಕನ್ನು ಬಿಟ್ಟು ಒಂದು ಹೆಜ್ಜೆ ಮುಂದೆ ಹೋದರೆ ‘ಪುಟ್ ಅಪ್ ವಿತ್’ ಎಂಬಂಥ ಕೂಟ ಎದುರಾಗುತ್ತದೆ. ಇದರ ಮೂರು ಪದಗಳನ್ನೂ ಬಲ್ಲವನಿಗೆ ಸಹಿಸು ಎಂಬ ಅರ್ಥ ಹೊಳೆಯುವುದಿಲ್ಲ. ಇದಕ್ಕಿಂತ ‘ಟಾಲರೇಟ್’ ಎಂಬ ಒಂದೇ ಪದ ನಮ್ಮ ವಿದ್ಯಾರ್ಥಿಗೆ ಸುಲಭ. ಪಟ್ಟಿ ಚಿಕ್ಕದಾದಷ್ಟೂ ಒಂದೊಂದು ಪದದ ಮೇಲಿನ ಹೊರೆ ಹೆಚ್ಚುತ್ತದೆ. ಕಲಿಯುವ ಶ್ರಮ ಕಡಿಮೆಯಾಗದೆ ಸ್ಥಳಾಂತರ ಹೊಂದುತ್ತದೆ.

೫

ಢಾಕಾದಲ್ಲಿ ಅಧ್ಯಾಪಕರಾಗಿದ್ದು ಬಂಗಾಳದ ಮಕ್ಕಳ ಕಷ್ಟವನ್ನು ಕಣ್ಣಾರೆ ಕಂಡಿದ್ದ ಮೈಕೇಲ್ ವೆಸ್ಟ್ ಬೇಸಿಕ್ ಇಂಗ್ಲಿಷನ್ನು ೧೯೩೪ರಲ್ಲಿಯೇ ತೀವ್ರವಾಗಿ ವಿಮರ್ಶಿಸಿದರು. ೧೯೫೩ರಲ್ಲಿ ಅವರು ಸಂಪಾದಿಸಿದ, ಸುಮಾರು ೨೦೦೦ ಪದಗಳ ಪಟ್ಟಿಯ ವೈಶಿಷ್ಟ್ಯವೆಂದರೆ, ಒಂದು ಪದದ ಬೇರೆಬೇರೆ ಅರ್ಥಗಳು ಬಳಕೆಯಲ್ಲಿ ನೂರಕ್ಕೆ ಎಷ್ಟೆಷ್ಟು ಪಾಲು ಬರುತ್ತವೆಂಬುದನ್ನು ತೋರಿಸಿದ್ದು. ‘ಗೆಟ್’ ಕಲಿಸಬೇಕು ಎಂದಷ್ಟೇ ಹೇಳದೆ, ಅದರ ಯಾವ ಅರ್ಥ ಮೊದಲು ಎಂಬುದನ್ನು ನಿರ್ಧರಿಸಲು ಅದರಿಂದ ಆಧಾರ ದೊರೆಯಿತು. ೧೯೪೨ರಲ್ಲಿ ಎ. ಎಸ್. ಹಾರ್ನ್‌ಬಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಜಪಾನಿನಲ್ಲಿ ಪ್ರಕಟಿಸಿದ ನಿಘಂಟು ಮತ್ತೊಂದು ಹೆಜ್ಜೆ ಮುಂದಿಟ್ಟು, ಕ್ರಿಯಾಪದಗಳನ್ನು ೨೫ ವಾಕ್ಯಮಾದರಿಗಳಿಗೆ ಅಳವಡಿಸಿತು. ‘ವಾಂಟ್’ ಎಂಬುದರ ಅರ್ಥ ಬಲ್ಲ ನಮ್ಮ ವಿದ್ಯಾರ್ಥಿ ‘ನೀನು ಹೋಗಬೇಕೆಂದು’ ಎಂಬ ಕನ್ನಡದ ನಡೆಯಲ್ಲಿ ‘ಐ ವಾಂಟ್ ದಟ್ ಯು ಶುಡ್ ಗೋ’ ಎನ್ನುತ್ತಾನೆ. ‘ಐ ವಾಂಟ್ ಯು ಟು ಗೋ’ ಎಂಬ ಮಾದರಿ ಗೊತ್ತಿಲ್ಲದೆ ಅರ್ಥ ಗೊತ್ತಿದ್ದು ಪ್ರಯೋಜನವಿಲ್ಲವೆಂಬುದನ್ನು ಹಾರ್ನ್‌ಬಿ ತೋರಿಸಿಕೊಟ್ಟರು.

ಇವೆರಡೂ ಎಲ್ಲ ದೇಶಗಳ ಕಲಿಯುವವರಿಗಾಗಿ ಆದ ಕೆಲಸಗಳು. ಜಪಾನಿನವನಿಗೂ ಬಂಗಾಳದವನಿಗೂ ಕನ್ನಡದವನಿಗೂ ಅವು ಒಂದೇ ಬಗೆಯಾಗಿ ಮಾತನಾಡುತ್ತವೆ. ಕನ್ನಡಿಗನು ಯಾವ ವಾಕ್ಯದಿಂದ ಹೊರಟು ಇಂಗ್ಲಿಷಿಗೆ ಬರುತ್ತಾನೆಂಬುದನ್ನು ಅವು ಹೇಳಲಾರವು. ಅದನ್ನು ಹೇಳಬೇಕಾದವರು ನಾವು.

೬

ನಿದರ್ಶನಕ್ಕೆ ಒಂದು ಗುಂಪನ್ನು ನೋಡಬಹುದು. ನನಗೆ ಇಬ್ಬರು ತಂಗಿಯರಿದ್ದಾರೆ; ನನಗೆ ನೀರು ಬೇಕು; ನನಗೆ ಅವನ ಮನೆ ಗೊತ್ತು; ನನಗೆ ಸಂಗೀತ ಇಷ್ಟ; ನನಗೆ ಪಾಠ ಅರ್ಥವಾಗುತ್ತದೆ; ನನಗೆ ಬೆಟ್ಟ ಕಾಣುತ್ತದೆ; ನನಗೆ ಇಂಗ್ಲಿಷ್ ಬರುತ್ತದೆ. ಈ ಏಳರಲ್ಲಿಯೂ ಅನುಭವಿಸುವ ವ್ಯಕ್ತಿ ಚತುರ್ಥೀ ವಿಭಕ್ತಿಯಲ್ಲಿದ್ದಾನೆ. ಇವುಗಳಿಗೆ ಸಲ್ಲುವ ಇಂಗ್ಲಿಷ್ ಕ್ರಿಯಾಪದಗಳು ‘ಹ್ಯಾವ್’, ‘ವಾಂಟ್’, ‘ನೋ’, ‘ಲೈಕ್’, ‘ಅಂಡರ್‌ಸ್ಟ್ಯಾಂಡ್’, ‘ಸೀ’, ಕೊನೆಯದಕ್ಕೆ ಮತ್ತೆ ‘ನೋ’. ಎಲ್ಲದರಲ್ಲಿಯೂ ಆ ವ್ಯಕ್ತಿ ಪ್ರಥಮಾ ವಿಭಕ್ತಿಗೆ ಬಂದು ‘ಐ’ ಎಂದು ಕರ್ತೃವಾಗುತ್ತಾನೆ. ಪಟ್ಟಿಯಲ್ಲಿ ಇವು ಅಲ್ಲೊಂದು ಇಲ್ಲೊಂದು ಚದರಿರುತ್ತವೆ. ಕನ್ನಡದ ಕಡೆಯಿಂದ ನೋಡಿದರೆ ಒಂದೇ ಪಾಠವಾಗುತ್ತವೆ.

ಇದೇ ಗುಂಪಿನಲ್ಲಿ ನಮ್ಮವರು ‘ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್’, ‘ಐ ಆಮ್ ನಾಟ್ ನೋಯಿಂಗ್’ ಎಂದು ತಪ್ಪುವುದು. ಇಲ್ಲಿಯೂ ಕನ್ನಡ ನೆರವಿಗೆ ಬರುತ್ತದೆ. ಹೋಗುತ್ತಾ ಇದ್ದೇನೆ, ಓದುತ್ತಾ ಇದ್ದೇನೆ ಎನ್ನುವ ನಾವು ಬೇಕು, ಗೊತ್ತು, ಇಷ್ಟ ಎಂಬುವುಗಳಿಗೆ ಆ ‘ತ್ತಾ’ವನ್ನು ಸೇರಿಸುವುದೇ ಇಲ್ಲ, ಸೇರಿಸಲು ಬರುವುದೂ ಇಲ್ಲ. ಸ್ಥಿತಿಯನ್ನು ಹೇಳುವ ಪದ ನಡೆಯುತ್ತಿರುವ ಕ್ರಿಯೆಯ ರೂಪವನ್ನು ತಾಳದೆಂಬ ಅರಿವು ಕನ್ನಡ ಬಾಲಕನ ಕಿವಿಯಲ್ಲಿ ಆಗಲೇ ಇದೆ. ‘ಅರ್ಥವಾಗುತ್ತಾ ಇದೆ’, ‘ಕಾಣುತ್ತಾ ಇದೆ’ ಎಂಬಲ್ಲಿ ಮಾತ್ರ ಎರಡು ಭಾಷೆಗಳ ದಾರಿ ಬೇರೆಯಾಗುವುದರಿಂದ ಅಲ್ಲಿ ಎಚ್ಚರಿಕೆ ಬೇಕು.

ಇಷ್ಟೆಲ್ಲ ವಿವರಣೆ ಏಕೆ, ಭಾಷೆಯನ್ನು ಬಳಸುತ್ತ ಬಳಸುತ್ತ ಕಲಿಯಬೇಕಲ್ಲವೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದು, ಬೆಂಗಳೂರು ಯೋಜನೆಯೆಂದು ಹೆಸರಾದ ಪ್ರಯೋಗದ ತಿರುಳು ಇದೇ: ಮನಸ್ಸು ಅರ್ಥದ ಮೇಲಿರುವಾಗ ವ್ಯಾಕರಣ ತಾನಾಗಿ ಮೈಗೂಡುತ್ತದೆ. ಇದನ್ನು ನಾನು ಒಪ್ಪುತ್ತೇನೆ. ಮೇಲಿನ ವಿವರಣೆ ಮಕ್ಕಳಿಗೆ ಉಪನ್ಯಾಸವಾಗಿ ಹೇಳುವುದಕ್ಕಲ್ಲ. ಯಾವ ವಾಕ್ಯಗಳನ್ನು ಯಾವುದರ ಜೊತೆಗೆ ಬಳಕೆಗೆ ತರಬೇಕು, ತಪ್ಪು ಬಂದಾಗ ಅದು ಎಲ್ಲಿಂದ ಬಂತು ಎಂಬುದು ಅಧ್ಯಾಪಕನಿಗೆ ತಿಳಿದಿರುವುದಕ್ಕೆ.

೭

ಸಾರಾಂಶವಿಷ್ಟು. ಸಾಮಾನ್ಯ ಕ್ರಿಯಾಪದವನ್ನು ಒಂಟಿಯಾಗಿ ಕಲಿಸಬಾರದು. ಅದರ ನಾಮಪದದೊಡನೆ, ಅವ್ಯಯದೊಡನೆ ಕಲಿಸಬೇಕು. ಕಣ್ಣಿಗೆ ಕಾಣುವ ಚಲನೆಯಿಂದ ಹೊರಟು ಕಾಣದ ಅರ್ಥಕ್ಕೆ ನಿಧಾನವಾಗಿ ಹೋಗಬೇಕು. ಕನ್ನಡ ವಾಕ್ಯದ ಘಟನೆಯನ್ನು ಅಡ್ಡಿಯೆಂದು ಭಾವಿಸದೆ ಪಾಠದ ಕ್ರಮಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಬೇಕು. ಈಗ ಕರ್ನಾಟಕದ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಪಾಠವಿದೆ. ಪಟ್ಟಿಯನ್ನು ಬೇಗ ಕೊಟ್ಟೆವೆಂಬುದರಿಂದ ಅದರ ದೋಷ ಹೋಗುವುದಿಲ್ಲ. ತಪ್ಪು ಇನ್ನಷ್ಟು ಎಳೆಯ ವಯಸ್ಸಿನಲ್ಲಿ ಬೇರೂರುತ್ತದೆ.

ಮೇಲೆ ಹೇಳಿದ ವಿದ್ಯಾರ್ಥಿಯ ವಾಕ್ಯವನ್ನು ಇಂದು ಕೇಳಿದರೆ ನಾನು ಕಪ್ಪುಹಲಗೆಯ ಮೇಲೆ ಅದನ್ನೇ ಬರೆದು, ಪಕ್ಕದಲ್ಲಿ ‘ನನಗೆ ಇಂಗ್ಲಿಷ್ ಬರುವುದಿಲ್ಲ’ ಎಂದು ಬರೆದು, ಕನ್ನಡದಲ್ಲಿ ವಿದ್ಯೆ ತಾನೇ ನಮ್ಮ ಬಳಿಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಾವೇ ಅದನ್ನು ತಿಳಿಯಬೇಕು ಎಂದು ಹೇಳಿ ಆ ದಿನದ ಪಾಠವನ್ನು ಅಲ್ಲಿಂದ ಪ್ರಾರಂಭಿಸುತ್ತಿದ್ದೆ. ಆ ತರಗತಿಯಲ್ಲಿ ಅಂದು ಅದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ.