ಮುಂದಿನ ಭಾಗಕ್ಕೆ ನಮ್ಮ ನೆನಪಿರುತ್ತದೆಯೇ?

ಕಳೆದ ದೀಪಾವಳಿ ರಜೆಯಲ್ಲಿ ನಾವು ನಾಲ್ವರು ಗೆಳೆಯರು ದಾಂಡೇಲಿಯಲ್ಲಿ ಸೇರಿದ್ದೆವು. ಒಬ್ಬ ಅದೇ ಊರಿನವನು, ಒಬ್ಬ ಹಳಿಯಾಳದವನು, ಇನ್ನೊಬ್ಬ ಮುಂಡಗೋಡದವನು, ನಾನು ಜೋಯಿಡಾ ಕಡೆಯವನು. ಪಿಯುಸಿ ಓದುವಾಗ ಶುರುವಾದ ಸ್ನೇಹ. ಈಗ ಒಬ್ಬೊಬ್ಬರು ಒಂದೊಂದು ಊರಿನಲ್ಲಿದ್ದೇವೆ. ಮನೆ, ಕೆಲಸ, ಮದುವೆಯ ಮಾತೆಲ್ಲ ಮುಗಿದು ಎರಡನೆಯ ಚಹಾ ಬರುವ ಹೊತ್ತಿಗೆ ವಿಷಯ ಎಂದಿನಂತೆ ಅಲ್ಲಿಗೇ ಬಂತು: ‘ಎಲ್ಡರ್ ಸ್ಕ್ರೋಲ್ಸ್’ ಸರಣಿಯ ಆರನೆಯ ಗೇಮ್ ಬಂದರೆ ಹೇಗಿರಬೇಕು?

ಈ ಲೋಕ ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್. ಒಂದು ಕಲ್ಪಿತ ನಾಡಿನಲ್ಲಿ ನೀವೇ ಒಂದು ಪಾತ್ರವನ್ನು ಕಟ್ಟಿಕೊಳ್ಳುತ್ತೀರಿ. ಎಲ್ಲಿಗೆ ಹೋಗಬೇಕು, ಯಾರ ಪರ ನಿಲ್ಲಬೇಕು, ಯಾರನ್ನು ಉಳಿಸಬೇಕು ಎಂಬುದನ್ನು ನೀವೇ ನಿರ್ಧರಿಸುತ್ತೀರಿ. ಈ ಸರಣಿಯ ಐದನೆಯ ಗೇಮ್ ‘ಸ್ಕೈರಿಮ್’ ಬಂದದ್ದು 2011ರ ನವೆಂಬರ್‌ನಲ್ಲಿ. ಆರನೆಯದು ಬರುತ್ತದೆ ಎಂದು ಬೆಥೆಸ್ಡಾ ಕಂಪನಿ 2018ರ ಜೂನ್‌ನಲ್ಲಿ ಒಂದು ನಿಮಿಷವೂ ಇಲ್ಲದ ದೃಶ್ಯ ತೋರಿಸಿತು. ಬೆಟ್ಟ, ಕಣಿವೆ, ಮೋಡ, ಹಿನ್ನೆಲೆ ಸಂಗೀತ, ಅಷ್ಟೇ. ಆ ಬೆಟ್ಟಗಳ ಆಕಾರ ನೋಡಿ ‘ಇದು ಹ್ಯಾಮರ್‌ಫೆಲ್ ನಾಡು’ ಎಂದು ವಾದಿಸುವವರು ಇಂದಿಗೂ ಇದ್ದಾರೆ.

ನಾವು ಸ್ಕೈರಿಮ್ ಆಡಿದ್ದು 2014ರಲ್ಲಿ, ಹಳಿಯಾಳದ ಗೆಳೆಯನ ಅಣ್ಣನ ಕಂಪ್ಯೂಟರಿನಲ್ಲಿ. ಜೋಯಿಡಾದ ನಮ್ಮ ಹಳ್ಳಿಯಲ್ಲಿ ಫೋನ್ ಮಾಡಬೇಕಾದರೂ ಗುಡ್ಡ ಹತ್ತಬೇಕಿದ್ದ ಕಾಲ ಅದು. ಗೇಮ್ ಡೌನ್‌ಲೋಡ್ ಮಾಡುವ ಮಾತೇ ಇರಲಿಲ್ಲ. ಒಂದು ಯಂತ್ರ, ನಾಲ್ಕು ಜನ, ನಾಲ್ಕು ಬೇರೆ ಬೇರೆ ಸೇವ್ ಫೈಲು. ಒಬ್ಬ ಆಡುವಾಗ ಮೂವರು ಹಿಂದೆ ಕೂತು ಜಗಳ ಮಾಡುತ್ತಿದ್ದೆವು.

ಜಗಳದ ಮೂಲ ಆ ನಾಡಿನ ಅಂತರ್ಯುದ್ಧ. ಒಂದು ಕಡೆ ಸಾಮ್ರಾಜ್ಯ. ಅದು ಯುದ್ಧವೊಂದರಲ್ಲಿ ಸೋತು, ಒಪ್ಪಂದಕ್ಕೆ ಸಹಿ ಹಾಕಿ, ನಾರ್ಡ್ ಜನರ ಪ್ರೀತಿಯ ದೇವರ ಪೂಜೆಯನ್ನೇ ನಿಷೇಧಿಸಿದೆ. ಇನ್ನೊಂದು ಕಡೆ ಉಲ್ಫ್ರಿಕ್ ಎಂಬ ನಾಯಕನ ಬಂಡಾಯ. ಹಳಿಯಾಳದವನು ಕೂಡಲೇ ಬಂಡುಕೋರರ ಪಕ್ಷ ಸೇರಿದ. ಜನರ ದೇವರನ್ನು ಕಸಿದುಕೊಳ್ಳುವ ರಾಜ್ಯ ಯಾಕೆ ಬೇಕು ಎಂಬುದು ಅವನ ವಾದ. ಮುಂಡಗೋಡದವನೂ ಮೊದಲು ಅತ್ತಲೇ ಇದ್ದ. ಆದರೆ ಉಲ್ಫ್ರಿಕ್‌ನ ರಾಜಧಾನಿಗೆ ಹೋದಾಗ, ಜ್ವಾಲಾಮುಖಿಯಿಂದ ತಮ್ಮ ನಾಡು ಕಳೆದುಕೊಂಡು ಬಂದ ಕಪ್ಪು ಎಲ್ಫ್‌ಗಳನ್ನು ಊರಿನ ಒಂದು ಕೊಳಕು ಮೂಲೆಯಲ್ಲಿ ಕೂಡಿಹಾಕಿದ್ದನ್ನು ಕಂಡ. ಅವನು ಬೆಳೆದದ್ದು ಮುಂಡಗೋಡದ ಟಿಬೆಟನ್ ಕ್ಯಾಂಪಿನ ಪಕ್ಕದಲ್ಲಿ. 1960ರ ದಶಕದಿಂದ ಅಲ್ಲಿ ನೆಲೆಸಿದ ನಿರಾಶ್ರಿತರ ಮಕ್ಕಳ ಜೊತೆ ಕ್ರಿಕೆಟ್ ಆಡಿದವನು. ‘ನಿರಾಶ್ರಿತರನ್ನು ಹೀಗೆ ಇಟ್ಟುಕೊಂಡವನು ನನ್ನ ರಾಜ ಅಲ್ಲ’ ಎಂದು ಪಕ್ಷ ಬದಲಿಸಿದ. ಅವನ ಸೇವ್ ಫೈಲಿನಲ್ಲಿ ಸಾಮ್ರಾಜ್ಯ ಗೆದ್ದಿತು, ಹಳಿಯಾಳದವನದರಲ್ಲಿ ಬಂಡಾಯ ಗೆದ್ದಿತು. ನಾನು ಯಾವ ಕಡೆಯೂ ಸೇರದೆ ಕಾಡು ಸುತ್ತಿದೆ. ಗೇಮ್ ಅದಕ್ಕೂ ಬಿಡುತ್ತದೆ.

ಈ ಸಲ ಮುಂಡಗೋಡದವನು ಕೇಳಿದ ಪ್ರಶ್ನೆ ಇದು: ‘ಆರನೆಯ ಭಾಗದಲ್ಲಿ ಆ ಯುದ್ಧ ಯಾರು ಗೆದ್ದರು ಅಂತ ಹೇಳ್ತಾರಲ್ಲ, ಆಗ ನಮ್ಮಲ್ಲಿ ಯಾರು ಸುಳ್ಳಾಗ್ತೀವಿ?’ ಪ್ರಶ್ನೆ ಮುಗಿಸಿ ಅಂಗೈಗೆ ಅಂಗೈ ಹೊಡೆದ. ಅಲ್ಲಿನ ಬೌದ್ಧ ಮಠಗಳ ಅಂಗಳದಲ್ಲಿ ವಾದಕ್ಕಿಳಿದ ಭಿಕ್ಷುಗಳು ಹೀಗೇ ಚಪ್ಪಾಳೆ ತಟ್ಟಿ ಎದುರಾಳಿಗೆ ಪ್ರಶ್ನೆ ಹಾಕುತ್ತಾರೆ. ಚಿಕ್ಕಂದಿನಿಂದ ನೋಡಿ ನೋಡಿ ಅವನಿಗೂ ಆ ಅಭ್ಯಾಸ.

ಸೀಕ್ವೆಲ್ ಬಗ್ಗೆ ಅಭಿಮಾನಿಗಳು ಪಟ್ಟಿ ಮಾಡುವ ಆಸೆಗಳು ಸಾಮಾನ್ಯವಾಗಿ ಅಳತೆಯವು. ನಕ್ಷೆ ದೊಡ್ಡದಿರಬೇಕು, ಕಾದಾಟ ಚುರುಕಾಗಿರಬೇಕು, ಹಡಗು ಇರಬೇಕು, ಚಿತ್ರ ಸ್ಪಷ್ಟವಿರಬೇಕು. ಅವುಗಳಲ್ಲಿ ಅರ್ಧದಷ್ಟು ನಮ್ಮ ಹದಿನೇಳನೆಯ ವಯಸ್ಸನ್ನು ಮರಳಿ ಕೊಡಿ ಎಂಬ ಬೇಡಿಕೆಗಳೇ. ಯಾವ ಕಂಪನಿಯೂ ಅದನ್ನು ಪೂರೈಸಲಾರದು. ಗೆಳೆಯನ ಪ್ರಶ್ನೆ ಮಾತ್ರ ಸಾಹಿತ್ಯದ ಪ್ರಶ್ನೆ. ಕಾದಂಬರಿಯ ಓದುಗನಿಗೆ ಕಥೆಯ ಅಂತ್ಯದಲ್ಲಿ ಕೈ ಇರುವುದಿಲ್ಲ. ಇಲ್ಲಿ ಓದುಗನೇ ಅಂತ್ಯವನ್ನು ಬರೆದಿದ್ದಾನೆ, ತನಗೆ ಸರಿ ಕಂಡ ನ್ಯಾಯದ ಆಧಾರದ ಮೇಲೆ ಬರೆದಿದ್ದಾನೆ. ಲಕ್ಷಾಂತರ ಓದುಗರು ಬೇರೆ ಬೇರೆ ಅಂತ್ಯ ಬರೆದ ಕಥೆಗೆ ಒಂದೇ ಮುಂದುವರಿಕೆ ಬರೆಯುವುದು ಹೇಗೆ?

ಇದುವರೆಗೆ ಬಂದ ಗೇಮ್‌ಗಳನ್ನು ನೋಡಿದರೆ ನಾಲ್ಕು ದಾರಿಗಳು ಕಾಣುತ್ತವೆ.

ಮೊದಲನೆಯದು, ಓಡಿಹೋಗುವುದು. ಸ್ಕೈರಿಮ್ ಮಾಡಿದ್ದೇ ಇದನ್ನು. ಹಿಂದಿನ ‘ಒಬ್ಲಿವಿಯನ್’ (2006) ಕಥೆಗೂ ಇದಕ್ಕೂ ನಡುವೆ ಇನ್ನೂರು ವರ್ಷದ ಅಂತರ. ಅಷ್ಟರಲ್ಲಿ ಎಲ್ಲರೂ ಸತ್ತಿರುತ್ತಾರೆ, ಲೆಕ್ಕ ಕೇಳುವವರಿಲ್ಲ.

ಎರಡನೆಯದು, ಎಲ್ಲವೂ ನಿಜ ಎನ್ನುವುದು. ಇದೇ ಸರಣಿಯ ‘ಡ್ಯಾಗರ್‌ಫಾಲ್’ (1996) ಗೇಮ್‌ಗೆ ಹಲವು ಅಂತ್ಯಗಳಿದ್ದವು. ಮುಂದೆ ಬಂದ ಭಾಗಗಳಲ್ಲಿ, ಕಾಲವೇ ಒಡೆದುಹೋಗಿ ಆ ಅಂತ್ಯಗಳೆಲ್ಲ ಒಟ್ಟಿಗೇ ಸಂಭವಿಸಿದವು ಎಂದು ವಿವರಿಸಿದರು. ಕೇಳಲು ತಮಾಷೆ ಅನ್ನಿಸಿದರೂ ಅದರಲ್ಲಿ ಒಂದು ಔದಾರ್ಯವಿದೆ.

ಮೂರನೆಯದು, ಲೇಖಕನೇ ಒಂದನ್ನು ಆರಿಸುವುದು. ಪೋಲೆಂಡಿನ ‘ವಿಚರ್ 3’ (2015) ಕೊನೆಯಲ್ಲಿ ಸಿರಿ ಎಂಬ ಹುಡುಗಿ ಸಾಮ್ರಾಜ್ಞಿಯಾಗುವ ಹಾದಿ ಹಿಡಿಯಬಹುದು, ರಾಕ್ಷಸ ಬೇಟೆಗಾರಳಾಗಬಹುದು, ಅಥವಾ ಮರಳಿ ಬಾರದೇ ಹೋಗಬಹುದು. ಸಾಕುತಂದೆ ಗೆರಾಲ್ಟ್ ಅವಳೊಡನೆ ನಡೆದುಕೊಂಡ ಬಗೆಯನ್ನು ಅದು ಅವಲಂಬಿಸಿದೆ. 2024ರ ಡಿಸೆಂಬರ್‌ನಲ್ಲಿ ‘ವಿಚರ್ 4’ ದೃಶ್ಯ ಬಂದಾಗ ಸಿರಿ ಬೇಟೆಗಾರಳಾಗಿಯೇ ನಾಯಕಿಯಾಗಿದ್ದಳು. ಅವಳನ್ನು ಸಿಂಹಾಸನಕ್ಕೆ ಕಳಿಸಿದವರ ಕಥೆ ಪಕ್ಕಕ್ಕೆ ಸರಿಯಿತು.

ನಾಲ್ಕನೆಯದು, ಓದುಗನನ್ನೇ ಕೇಳುವುದು. ‘ಡ್ರ್ಯಾಗನ್ ಏಜ್’ ಸರಣಿಯ ಮೂರನೆಯ ಗೇಮ್ 2014ರಲ್ಲಿ ಬಂದಾಗ, ಹಿಂದಿನ ಎರಡು ಗೇಮ್‌ಗಳಲ್ಲಿ ನೀವು ಮಾಡಿದ ನೂರಾರು ನಿರ್ಧಾರಗಳನ್ನು ದಾಖಲಿಸಲು ಪ್ರತ್ಯೇಕ ವ್ಯವಸ್ಥೆಯನ್ನೇ ಕೊಟ್ಟಿದ್ದರು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ ಬಂದ ‘ವೇಲ್‌ಗಾರ್ಡ್’ ಹಿಂದಿನ ಗೇಮ್‌ನ ಮೂರೇ ಮೂರು ನಿರ್ಧಾರಗಳನ್ನು ಕೇಳಿತು. ಕಥೆ ಉತ್ತರದ ನಾಡಿಗೆ ಹೋಯಿತು. ನಾವು ರಾಜರನ್ನು ಆರಿಸಿದ್ದ, ಊರುಗಳನ್ನು ಉಳಿಸಿದ್ದ ದಕ್ಷಿಣದ ನಾಡುಗಳು ಹಾಳಾಗುತ್ತಿವೆ ಎಂಬ ಸುದ್ದಿ ಪತ್ರಗಳಲ್ಲಷ್ಟೇ ಬಂತು.

ಹಳಗನ್ನಡ, ನಡುಗನ್ನಡದ ಮಹಾಭಾರತಗಳನ್ನು ಓದುತ್ತ ಸಂಶೋಧನೆ ಮಾಡುವ ನನಗೆ ಈ ಗೊಂದಲ ಹೊಸದಲ್ಲ. ಹತ್ತನೆಯ ಶತಮಾನದ ಪಂಪನಲ್ಲಿ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಆಶ್ರಯದಾತ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ ಕವಿಗೆ ಅದು ಬೇಕಾಗಿತ್ತು. ಕುಮಾರವ್ಯಾಸನಲ್ಲಿ ಅವಳು ಮತ್ತೆ ಐವರ ಹೆಂಡತಿ. ಆದರೆ ಕುಮಾರವ್ಯಾಸ ಬಂದದ್ದರಿಂದ ಪಂಪ ಸುಳ್ಳಾದ ಎಂದು ಯಾರೂ ಹೇಳಲಿಲ್ಲ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ. ಉಳಿದವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಅದೂ ಒಂದು ಸೀಕ್ವೆಲ್ಲೇ. ಹಿಂದಿನವನ ಹೆಗಲ ಮೇಲೆ ನಿಂತಿದ್ದೇನೆಂದು ತಿಳಿದೇ ಬರೆದದ್ದು.

ನಮ್ಮ ಪಕ್ಕದ ಯಲ್ಲಾಪುರ, ಶಿರಸಿ ಸೀಮೆಯ ತಾಳಮದ್ದಳೆಯಲ್ಲಿ ಇದು ಇನ್ನೂ ಸ್ಪಷ್ಟ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾನೆ. ‘ಕೃಷ್ಣ ಸಂಧಾನ’ದಲ್ಲಿ ಸಂಧಾನ ಮುರಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಇಂದಿನ ಕೌರವ ಯಾವ ವಾದ ಹೂಡುತ್ತಾನೆ ಎಂದು ಕೇಳಲು ಜನ ರಾತ್ರಿಯಿಡೀ ಕೂರುತ್ತಾರೆ. ನಾಳಿನ ಕೌರವ ಬೇರೆ ಮಾತಾಡಿದರೆ ಇಂದಿನವನ ಮಾತು ರದ್ದಾಗುವುದಿಲ್ಲ.

ಹಾಗಾದರೆ ಅಭಿಮಾನಿಗಳ ಆತಂಕ ಅನಗತ್ಯವೇ? ಚಹಾದಂಗಡಿಯಲ್ಲಿ ನಾನು ಅದನ್ನೇ ಹೇಳಿದೆ. ಹಳಿಯಾಳದವನು ಒಪ್ಪಲಿಲ್ಲ. ‘ನಿಮ್ಮ ತಾಳಮದ್ದಳೆಯಲ್ಲಿ ಅಂತ್ಯ ನಿನ್ನದು ಅಂತ ಯಾರೂ ಮಾತು ಕೊಟ್ಟಿರಲ್ಲ. ಇಲ್ಲಿ ಕೊಟ್ಟಿದ್ದಾರೆ. ಆ ಮಾತಿಗೇ ನಾವು ದುಡ್ಡು ಕೊಟ್ಟಿದ್ದು’ ಎಂದ. ಅವನು ಹೇಳಿದ್ದು ಸರಿ. ಪಂಪನ ಓದುಗನಿಗೂ ನನ್ನ ಗೆಳೆಯನಿಗೂ ಇರುವ ವ್ಯತ್ಯಾಸ ಅದು. ಅರ್ಥಧಾರಿಯ ಸ್ವಾತಂತ್ರ್ಯ ಮಾತಿನದು. ಗೇಮ್ ಕೊಟ್ಟದ್ದು ಫಲಿತಾಂಶದ ಸ್ವಾತಂತ್ರ್ಯ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಾಗ ಏನಾದರೂ ಹೇಳಬೇಕಾಗುತ್ತದೆ.

ಏನು ಹೇಳಬೇಕು ಎಂಬುದಕ್ಕೆ ನನಗೆ ಹೊಳೆಯುವ ಉದಾಹರಣೆ ನಮ್ಮ ಮನೆಯದೇ. ಅಜ್ಜಿ ಸೂಪಾದವಳು. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ತಾಲೂಕು ಕೇಂದ್ರವಾಗಿದ್ದ ಸೂಪಾ ಊರೇ ಮುಳುಗಿತು. ಕಚೇರಿಗಳು ಜೋಯಿಡಾಕ್ಕೆ ಬಂದವು, ಎಷ್ಟೋ ಮನೆತನಗಳು ರಾಮನಗರದ ಪುನರ್ವಸತಿಗೆ ಹೋದವು. ಅಜ್ಜಿಯ ಮನೆಯವರೂ ಅಲ್ಲಿಗೇ ಹೋದರು. ಅಜ್ಜಿ ರಾಮನಗರವನ್ನು ಸೂಪಾದಂತೆ ಇಲ್ಲವೆಂದು ದೂರಿದ್ದನ್ನು ನಾನು ಹೆಚ್ಚು ಕೇಳಿಲ್ಲ. ಯಾರಾದರೂ ಸಿಕ್ಕರೆ ‘ಸೂಪಾದಲ್ಲಿ ಇವರ ಮನೆ ನಮ್ಮ ಹಿತ್ತಿಲ ಆಚೆ’ ಎಂದೇ ಪರಿಚಯ ಮಾಡಿಸುತ್ತಿದ್ದಳು. ಹಾಗೆಂದರೆ ಹೌದೆನ್ನುವ ಜನ ಸುತ್ತ ಇದ್ದರು. ಹೊಸ ಊರು ಅವಳಿಗೆ ವಾಸಯೋಗ್ಯವಾದದ್ದು ಅದರಿಂದ. ಸೂಪಾ ಎಂಬುದು ಇರಲೇ ಇಲ್ಲವೆನ್ನುವಂತೆ ಯಾರಾದರೂ ಮಾತಾಡಿದರೆ ಮಾತ್ರ ಅವಳ ಮುಖ ಬಾಡುತ್ತಿತ್ತು.

ಊರು ಕಳೆದುಕೊಳ್ಳುವುದೂ ಗೇಮ್‌ನ ಅಂತ್ಯ ಕಳೆದುಕೊಳ್ಳುವುದೂ ಒಂದೇ ಅಲ್ಲ, ಅಷ್ಟು ವಿವೇಕ ನನಗಿದೆ. ಆದರೆ ಮುಂದುವರಿಕೆಯನ್ನು ಅಳೆಯಲು ಅಜ್ಜಿಯ ಅಳತೆಗೋಲು ನನಗೆ ಉಪಯುಕ್ತವೆನ್ನಿಸುತ್ತದೆ: ಹಿಂದೆ ಏನೋ ಇತ್ತು ಎಂದು ಹೇಳುವವರು ಹೊಸ ಜಾಗದಲ್ಲಿ ಇದ್ದಾರೆಯೇ?

ಈ ಅಳತೆಯಲ್ಲಿ ವೇಲ್‌ಗಾರ್ಡ್ ಸೋಲುತ್ತದೆ. ನಮ್ಮ ನಿರ್ಧಾರಗಳನ್ನು ಬಿಟ್ಟದ್ದು ಕ್ಷಮಿಸಬಹುದಾದ ತಪ್ಪು. ನೂರಾರು ಕವಲುಗಳನ್ನು ಹೊತ್ತು ಹೊಸ ಕಥೆ ಕಟ್ಟುವುದು ದುಬಾರಿ ಕೆಲಸ. ಆದರೆ ಅವು ನಡೆದ ನೆಲವನ್ನೇ ಪತ್ರದ ಕೆಲವು ಸಾಲುಗಳಲ್ಲಿ ಮುಗಿಸಿದ್ದು ಮುಳುಗಿಸಿದಂತೆಯೇ. ವಿಚರ್ 4 ಇನ್ನೂ ಗೆಲ್ಲಬಹುದು. ಅದು ಒಂದು ಅಂತ್ಯವನ್ನು ಆರಿಸಿದೆ, ಪಂಪ ಆರಿಸಿದ ಹಾಗೆ. ಸಿಂಹಾಸನ ಏರಬಹುದಾಗಿದ್ದ ಹುಡುಗಿ ಇವಳು ಎಂಬ ಭಾರ ಅವಳ ನಡೆಯಲ್ಲಿ ಎಲ್ಲಾದರೂ ಕಂಡರೆ, ಬೇರೆ ಅಂತ್ಯ ಬರೆದವರಿಗೂ ಅಲ್ಲಿ ಜಾಗವಿರುತ್ತದೆ.

ಎಲ್ಡರ್ ಸ್ಕ್ರೋಲ್ಸ್ ಆರರಿಂದ ನನ್ನ ನಿರೀಕ್ಷೆಯೂ ಇಷ್ಟೇ. ಯುದ್ಧ ಯಾರು ಗೆದ್ದರೆಂದು ಲೇಖಕರು ಹೇಳಲಿ, ಹೇಳದಿರಲಿ. ಹೇಳಿದರೂ, ಹೊಸ ನಾಡಿನ ಯಾವುದೋ ಛತ್ರದಲ್ಲಿ ಇಬ್ಬರು ಮುದುಕರು ಅದರ ಬಗ್ಗೆ ಜಗಳವಾಡುತ್ತಿರಲಿ. ಒಬ್ಬನಿಗೆ ದೇವರ ನೆನಪು, ಇನ್ನೊಬ್ಬನಿಗೆ ಆ ಕೊಳಕು ಕೇರಿಯ ನೆನಪು ಇರಲಿ. ಅಷ್ಟು ಸಂಭಾಷಣೆ ಬರೆಯಲು ನಕ್ಷೆಯನ್ನು ದೊಡ್ಡದು ಮಾಡಬೇಕಿಲ್ಲ.

ಹಳಿಯಾಳದ ಆ ಕಂಪ್ಯೂಟರ್ ಕೆಟ್ಟು ಎಷ್ಟೋ ವರ್ಷವಾಯಿತು. ನಾಲ್ಕೂ ಸೇವ್ ಫೈಲುಗಳು ಅದರ ಜೊತೆಗೇ ಹೋದವು. ಆ ಯುದ್ಧದಲ್ಲಿ ಯಾರು ಗೆದ್ದರೆಂದು ಈಗ ಹೇಳಬಲ್ಲವರು ಚಹಾದಂಗಡಿಯಲ್ಲಿ ಕೂತಿದ್ದ ನಾವೇ. ಸಂಜೆ ಹಳಿಯಾಳದ ಬಸ್ಸು ಬಂತು, ವಾದ ಮುಗಿದಿರಲಿಲ್ಲ. ಮುಂಡಗೋಡದವನು ಕಿಟಕಿಯ ಕೆಳಗೆ ನಿಂತು ಮತ್ತೊಮ್ಮೆ ಚಪ್ಪಾಳೆ ತಟ್ಟಿ, ‘ಉಲ್ಫ್ರಿಕ್ ಸತ್ತ’ ಎಂದ. ಒಳಗಿನಿಂದ ‘ನಿನ್ನಲ್ಲಿ’ ಎಂಬ ಉತ್ತರ ಬಂತು.